ನಾಲ್ಕು ಪುಟದ ಅರ್ಜಿ

ಎಕ್ಸ್-ರೇ ಓದಿ ವರದಿ ಕೊಡುವ ಆ ಕಂಪನಿಯ ನೆಟ್‌ವರ್ಕ್ ಮುಖ್ಯಸ್ಥರಿಗೆ ಹೆಮ್ಮೆಯೆಂದರೆ ತಾವು ಕಟ್ಟಿದ ವಿಪಿಎನ್. ಡಾಕ್ಟರುಗಳು ಮನೆಯಲ್ಲೇ ಕೂತು ಆಸ್ಪತ್ರೆಯ ಚಿತ್ರ ನೋಡಲು ಇದ್ದ ದಾರಿ ಅದೊಂದೇ. "ಹತ್ತು ವರ್ಷ ಆಯ್ತು, ಒಂದು ಸಲಾನೂ ಕೈ ಹಾಕಿಲ್ಲ," ಎಂದು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಬೇರೆಯವರಿಗೂ ಕೈ ಹಾಕಲು ಬಿಟ್ಟಿರಲಿಲ್ಲ. ಆ ಹೆಮ್ಮೆ ಹೋದರೆ ಅವರ ಕುರ್ಚಿಯಲ್ಲಿ ಉಳಿಯುವುದು ಬರೀ ದಿಂಬು.

ಅದು ಸಂಪರ್ಕವಾಗಲು ಅರ್ಧ ನಿಮಿಷ ಬೇಕು. ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹೋದರೆ ಕಡಿತ, ಮತ್ತೆ ಮೊದಲಿಂದ. ಹೊಸ ಫೋನ್ ತಂದವರು ಅದನ್ನು ವಿಪಿಎನ್‌ಗೆ ಸೇರಿಸಲು ನಾಲ್ಕು ಪುಟದ ಅರ್ಜಿ ತುಂಬಬೇಕು. ಮೂರನೇ ಪುಟದ 'ಕಾರಣ' ಎಂಬ ಖಾನೆಗೆ ಮುಖ್ಯಸ್ಥರು ಒಂದೇ ಸಲಕ್ಕೆ ಒಪ್ಪುವಂಥ ಕಾರಣ ಇದುವರೆಗೆ ಯಾರಿಗೂ ಹೊಳೆದಿಲ್ಲ.

ಅವರ ಸಹಾಯಕಿ ಪ್ರಯೋಗಕ್ಕೆಂದು ಪಕ್ಕದಲ್ಲಿ ವೈರ್‌ಗಾರ್ಡ್ ಎಂಬ ಹೊಸ ಬಗೆಯ ವಿಪಿಎನ್ ಹಾಕಿದ್ದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಂಪರ್ಕ. ನೆಟ್ ಬದಲಾದರೂ ಹಿಡಿದ ಕೈ ಬಿಡುತ್ತಿರಲಿಲ್ಲ.

"ಎಷ್ಟು ಸಾಲಿದೆಯಮ್ಮ ಇದರ ಸೆಟ್ಟಿಂಗು?" ಎಂದು ಕೇಳಿದರು ಮುಖ್ಯಸ್ಥರು.

"ಹತ್ತು ಹನ್ನೆರಡು, ಸಾರ್."

"ಇದು ವಿಪಿಎನ್ನಾ, ಸಾಮಾನಿನ ಚೀಟಿನಾ? ನಂದು ಕನೆಕ್ಟ್ ಆಗೋ ಮುಂಚೆ ಪರದೆ ಮೇಲೆ ಎರಡು ಪುಟ ಮಾತಾಡತ್ತೆ. ನಿಂದು ತುಟಿಪಿಟಕ್ ಅನ್ನಲ್ಲ. ಸೋಮವಾರ ಕಿತ್ತುಹಾಕು."

ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮುಖ್ಯಸ್ಥರಿಗೆ ಫೋನಿನ ಮೇಲೆ ಫೋನು. ಯಾವ ಡಾಕ್ಟರಿಗೂ ಒಳಗೆ ಹೋಗಲಾಗುತ್ತಿಲ್ಲ. ನೊರೆಬಾಯಲ್ಲೇ ಲ್ಯಾಪ್‌ಟಾಪ್ ತೆರೆದರು. ಅವರ ವಿಪಿಎನ್ ಎಂದಿನಂತೆ ಎರಡು ಪುಟ ಮಾತಾಡಿ, ಕೊನೆಯ ಸಾಲಿನಲ್ಲಿ ವಿಷಯಕ್ಕೆ ಬಂತು: ಮೂಲ ಪ್ರಮಾಣಪತ್ರದ ಅವಧಿ ಮುಗಿದಿದೆ. ಹತ್ತು ವರ್ಷದ ಹಿಂದೆ, ಹತ್ತೇ ವರ್ಷಕ್ಕೆಂದು, ತಮ್ಮ ಕೈಯಾರೆ ಮಾಡಿಟ್ಟ ಪತ್ರ. ಅದಿಲ್ಲದೆ ವಿಪಿಎನ್ ಯಾರನ್ನೂ ಒಳಗೆ ಬಿಡುವುದಿಲ್ಲ.

ಸರಿಪಡಿಸಬೇಕಾದ ಸರ್ವರ್ ಇದ್ದದ್ದು ಎರಡು ಗಂಟೆಯ ರೈಲು ದಾರಿಯಾಚೆ. ಮನೆಯಿಂದ ಅದರೊಳಗೆ ಹೋಗಲು ಇದ್ದದ್ದು ಅದೇ ಸತ್ತ ವಿಪಿಎನ್.

"ಆ ಹುಡುಗಿದು ನಡೀತಿರಬಹುದಲ್ಲ, ಕೇಳ್ರೀ," ಎಂದಳು ಹೆಂಡತಿ. ತಿಂಗಳಿಂದ ಊಟದ ಹೊತ್ತಿಗೆಲ್ಲ ಅವರು ಅದನ್ನು ಬೈಯುವುದು ಕೇಳಿ ಅವಳಿಗೆ ವಿಷಯ ಬಾಯಿಪಾಠವಾಗಿತ್ತು.

ಮುಖ್ಯಸ್ಥರು ಬಾಯಿ ತೊಳೆದು ಫೋನ್ ಮಾಡಿದರು.

"ಡಾಕ್ಟರುಗಳನ್ನೆಲ್ಲ ಆಗಲೇ ಹೊಸದಕ್ಕೆ ಸೇರಿಸಿದೀನಿ ಸಾರ್," ಎಂದಳು ಸಹಾಯಕಿ ತಣ್ಣಗೆ. "ಎಲ್ಲರೂ ಒಳಗಿದಾರೆ. ಹೊರಗಿರೋದು ನೀವೊಬ್ರೇ."

"ಹಾಗಾದ್ರೆ ನನ್ನನ್ನೂ ಸೇರಿಸಮ್ಮ, ಬೇಗ!"

"ಒಂದು ನಿಮಿಷದ ಕೆಲಸ. ಅರ್ಜಿ ಕಳಿಸ್ಬಿಡಿ ಸಾರ್. ನಿಯಮ ನಿಮ್ದೇ ಅಲ್ವಾ?"

ಮುಖ್ಯಸ್ಥರು ಹಲ್ಲು ಕಚ್ಚಿಕೊಂಡು ತುಂಬತೊಡಗಿದರು. ಮೂರನೇ ಪುಟದಲ್ಲಿ ಬೆರಳು ನಿಂತಿತು. ಕೊನೆಗೆ 'ಕಾರಣ' ಎಂಬಲ್ಲಿ ಬರೆದರು: ಹತ್ತು ವರ್ಷ ಒಂದು ಸಲವೂ ಕೈ ಹಾಕಿಲ್ಲ.

ಅರ್ಜಿ ಒಂದೇ ಸಲಕ್ಕೆ ಮಂಜೂರಾಯಿತು.