ಜುಂಜಮ್ಮನ ಹಾರೋ ನೀರು

"ಹನಿ ಹನಿ ಬ್ಯಾಡ ಕಣವ್ವ, ನಂಗೆ ಹಾರೋ ನೀರು ಬೇಕು," ಎಂದು ಜುಂಜಮ್ಮ ಡ್ರಿಪ್ ಪೈಪಿನ ಸುರುಳಿಯನ್ನು ಕಾಲಿಂದ ಅತ್ತ ತಳ್ಳಿದಳು.

ಚಳ್ಳಕೆರೆಯಿಂದ ಸ್ಕೂಟಿಯ ಮೇಲೆ ಆ ಸುರುಳಿ ಹೊತ್ತು ತಂದಿದ್ದ ಸಬೀನಾಳಿಗೆ ನಗುವೂ ಬಂತು, ಸಿಟ್ಟೂ ಬಂತು. ಅಪ್ಪ ಮೌಲಾ ಸಾಬನ ಮೋಟಾರ್ ಅಂಗಡಿಯಲ್ಲೇ ಬೆಳೆದವಳು. ಒಬ್ಬಳೇ ಒಪ್ಪಿಕೊಂಡ ಮೊದಲ ಕೆಲಸ ಇದು.

"ಅಜ್ಜೀ, ನಿಮ್ಮೂರು ದೊಡ್ಡಉಳ್ಳಾರ್ತಿ ಗಾಳಿ ನಿಮ್ಗೆ ಗೊತ್ತಿಲ್ವಾ? ಹಾರಿಸಿದ ನೀರೆಲ್ಲ ಪಕ್ಕದ ಮನೆ ಪಾಲು. ಡ್ರಿಪ್ ಆದ್ರೆ ಗಿಡದ ಬುಡಕ್ಕೇ ಬೀಳ್ತೈತೆ."

"ಗಿಡ ಯಾರಿಗೆ ಬೇಕು? ನಾನು ಹುಲ್ಲು ಬೆಳೀತೀನಿ."

ಅದೇ ಊರಿಗೆಲ್ಲ ತಮಾಷೆಯಾಗಿತ್ತು. ಹೊಸ ಮನೆ ಕಟ್ಟಿದವರು ಮುಂದೆ ದಾಸವಾಳ, ಕನಕಾಂಬರ ಹಾಕುತ್ತಾರೆ. ಈ ಮುದುಕಿಗೆ ಹುಲ್ಲಂತೆ ಹುಲ್ಲು! ಆದರೆ ಜುಂಜಮ್ಮನ ಲೆಕ್ಕವೇ ಬೇರೆ. ಮದುವೆಯಾಗಿ ಬಂದಾಗಿನಿಂದ ಅವಳು ಕುರಿ ಮೇಯಿಸಿದ ಕಾವಲಿನ, ಅಂದರೆ ಊರ ಹುಲ್ಲುಗಾವಲಿನ, ಒಂದು ಪಾಲಿಗೆ ಈಗ ಯಾವುದೋ ದೊಡ್ಡ ಸಂಸ್ಥೆಯ ಕಾಂಪೌಂಡು ಬಂದಿದೆ. ಒಮ್ಮೆ ಗೇಟಿನ ಸಂದಿಯಿಂದ ಇಣುಕಿದಾಗ ಒಳಗೆ ಹಚ್ಚಹಸಿರು ಹುಲ್ಲು, ಅದರ ಮೇಲೆ ನೆಲದಿಂದ ಚಿಮ್ಮಿ ಸುತ್ತುವ ನೀರು. ಅವಳ ಕುರಿಗಳು ಗೇಟಿಗೆ ಮೂತಿ ಒತ್ತಿ ನಿಂತಿದ್ದವು. ಅವತ್ತೇ ಸಂಜೆ ಅರಳಿಕಟ್ಟೆಯ ಮುಂದೆ ಎಲ್ಲರೆದುರು ಹೇಳಿಬಿಟ್ಟಳು: "ಅಂಥಾ ಹುಲ್ಲು ನಮ್ಮ ಅಂಗಳದಾಗೂ ಬೆಳೆಸ್ತೀನಿ. ಅವರದ್ದು ನೋಡಾಕೆ, ನಮ್ದು ತಿನ್ನಾಕೆ." ಮಾತು ಬಾಯಿಂದಾಚೆ ಹೋಗಿತ್ತು. ಇನ್ನು ಹುಲ್ಲು ಬರದಿದ್ದರೆ ಅವಳು ಊರಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ.

ಸಬೀನಾ ಸೋತಳು. ಅಂಗಳದ ನಟ್ಟನಡುವೆ ಸ್ಪ್ರಿಂಕ್ಲರ್ ನಿಲ್ಲಿಸಿ, ಬೋರಿನಿಂದ ಅಲ್ಲಿಯವರೆಗೆ ಪೈಪು ಹೂತಳು. ಕಾವಲಿಂದ ಕಿತ್ತು ತಂದ ಗರಿಕೆಯನ್ನು ಜುಂಜಮ್ಮ ಸಾಲಾಗಿ ನೆಟ್ಟಳು. ಕೊನೆಯ ಬೇರು ಊರಿದ ಮೇಲೆ ಸುತ್ತ ಕಲ್ಲು ಜೋಡಿಸಿ, "ಇನ್ನು ಯಾರೂ ಒಳಗೆ ಕಾಲಿಡಂಗಿಲ್ಲ," ಎಂದಳು. ದೇವರಿಗೆ ಬಿಟ್ಟ ಟಗರು ಮೊದಲು ಬಾಯಿ ಹಾಕುವ ತನಕ ಆ ಹುಲ್ಲು ಮೀಸಲು. ಕುರಿಯ ಮೊದಲ ಹಾಲು ದೇವರಿಗೆ ಮೀಸಲು ಹೇಗೋ ಹಾಗೆ.

ಈ ಮಾತನ್ನು ಮೊದಲೇ ಕೇಳಿಕೊಂಡಿದ್ದರೆ ಸಬೀನಾ ಸ್ಪ್ರಿಂಕ್ಲರನ್ನು ನಡುವೆ ನೆಡುತ್ತಿರಲಿಲ್ಲ. ಕೇಳಿರಲಿಲ್ಲ; ಈಗ ಅದನ್ನು ಸರಿಪಡಿಸಲೂ ಒಳಗೆ ಹೋಗುವಂತಿಲ್ಲ, ಏನು ಮಾಡುವುದು!

ಆಷಾಢದ ಗಾಳಿ ಶುರುವಾಯಿತು. ಬೋರಿಗೆ ಕರೆಂಟು ಬರುವುದೂ ಗಾಳಿ ಕುಣಿಯುವ ಹೊತ್ತಿಗೇ. ನೀರು ಚಿಮ್ಮಿದ್ದೇ ತಡ, ಗಾಳಿ ಅದನ್ನು ಮೂಡಣಕ್ಕೆ ಎತ್ತಿಕೊಂಡು ಹೋಗುತ್ತಿತ್ತು. ಆ ಕಡೆಯ ಅರ್ಧ ಕೆಸರು. ಪಡುವಣದ ಅರ್ಧ ಸೀದ ರೊಟ್ಟಿಯ ಬಣ್ಣ.

"ಜುಂಜಮ್ಮತ್ತೇ, ಒಣಗಾಕಿದ ನನ್ನ ಸೀರೆ ಮ್ಯಾಲೇ ಹುಲ್ಲು ಚಿಗುರ್ತೈತೆ, ಟಗರು ಇತ್ಲಾಗೆ ಕಳ್ಸು!" ಎಂದು ಪಕ್ಕದ ಮನೆಯ ರೂಪ ಗೋಡೆಯಾಚೆಯಿಂದ ಕೂಗಿದಳು. ಊರು ಹೊಟ್ಟೆ ಹಿಡಿದು ನಕ್ಕಿತು. ಜುಂಜಮ್ಮ ಅರಳಿಕಟ್ಟೆಯ ಕಡೆ ಹಾಯುವುದನ್ನೇ ಬಿಟ್ಟಳು.

ಮನೆಯಿಂದ ಫೋನು ಹೋದದ್ದೇ ಸಬೀನಾ ಓಡಿ ಬಂದಳು. ಜುಂಜಮ್ಮನ ಮಗ ಓಬಳೇಶ್ ಬಾಗಿಲಲ್ಲೇ ನಿಂತಿದ್ದ.

"ಕಲ್ಲು ದಾಟಿ ಒಳಗೋಗಿ ಆ ಸ್ಪ್ರಿಂಕ್ಲರ್ ಕಿತ್ತು ಪಡುವಣಕ್ಕೆ ಇಟ್ಬಿಡು ಸಬೀನಕ್ಕ. ಅವ್ವಾ, ನಾಕು ಹೆಜ್ಜೆ ಇಟ್ರೆ ದೇವ್ರೇನು ಮುನಿಸ್ಕೊಳ್ತಾನಾ?"

"ದೇವ್ರು ಮುನಿಯಲ್ಲ ಕಣೋ. ನಾನು ಮುನೀತೀನಿ."

ಅಪ್ಪನಿಗೆ ಫೋನು ಮಾಡಲೇ ಎಂದುಕೊಂಡಳು ಸಬೀನಾ. ಮಾಡಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣು ತೂರಿದಳು. ದೂಳು ಹೋದ ದಿಕ್ಕನ್ನು ನೋಡುತ್ತ ನಿಂತಳು. ಇನ್ನೊಂದು ಹಿಡಿ ತೂರಿದಳು.

"ತಪ್ಪು ನಂದೇ ಅಜ್ಜೀ. ಇಷ್ಟು ದಿನ ಗಾಳಿ ಜೊತೆ ಜಗಳ ಆಡ್ದೆ. ಈಗ ಅದರ ಕೈಲೇ ನೀರು ಹೊರಿಸ್ತೀನಿ."

ಕಲ್ಲಿನ ಆಚೆಯೇ ಪೈಪು ಕೊಯ್ದು, ನಡುವಿನದಕ್ಕೆ ಹೋಗುವ ತುದಿಗೆ ಮುಚ್ಚಳ ಬಿಗಿದಳು. ಹೊರಗಿಂದಲೇ ಸುತ್ತು ಹಾಕಿ ಹೊಸ ಪೈಪು ಎಳೆದು, ಪಡುವಣದ ಅಂಚಿನಲ್ಲಿ ಎರಡು ಗಿಡ್ಡ ಸ್ಪ್ರಿಂಕ್ಲರ್ ಕೂರಿಸಿದಳು. ಗಟ್ಟಿ ನೆಲ ಅಗೆದು ಅಂಗೈಯಲ್ಲಿ ಬೊಬ್ಬೆ ಎದ್ದವು. ಹುಲ್ಲಿನೊಳಗೆ ಒಂದು ಬೆರಳೂ ಇಡಲಿಲ್ಲ.

ಕರೆಂಟು ಬಂತು. ನೀರು ಚಿಮ್ಮಿತು. ಗಾಳಿ ಅದನ್ನು ಬೆನ್ನ ಮೇಲೆ ಹೊತ್ತು ಅಂಗಳದ ಉದ್ದಕ್ಕೂ ಹಾಸಿ, ರೂಪಳ ಗೋಡೆಯ ಈಚೆಗೇ ಇಳಿಸಿತು.

"ಅಲೆಲೆಲೇ! ನಮ್ಮ ಅಂಗಳದಾಗೇ ನಿಂತ್ಕೊಂತು ಕಣೇ!" ಜುಂಜಮ್ಮ ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ಬೊಬ್ಬೆ ಎದ್ದ ಕೈಯಲ್ಲೇ ಸಬೀನಾಳೂ ತಟ್ಟಿದಳು.

ಶ್ರಾವಣದಲ್ಲಿ ಟಗರಿಗೆ ಅರಿಶಿನ ಹಚ್ಚಿ, ಗಂಟೆ ಕಟ್ಟಿ ತಂದರು. ಊರಿಗೆ ಊರೇ ಬಂದಿತ್ತು. ರೂಪ ಎಲ್ಲರಿಗಿಂತ ಮುಂದಿದ್ದಳು. ಟಗರು ಕಲ್ಲು ದಾಟಿ, ಆಷಾಢದಲ್ಲಿ ಸೀದುಹೋಗಿದ್ದ ಪಡುವಣದ ಮೂಲೆಗೇ ಹೋಗಿ ಬಾಯಿ ಹಾಕಿತು.

"ತಿನ್ನಪ್ಪಾ, ಹೊಟ್ಟೆ ತುಂಬ ತಿನ್ನು," ಎಂದಳು ಜುಂಜಮ್ಮ. "ಇಲ್ಲಿ ಗೇಟಿಲ್ಲ."

ಆಮೇಲೆ ಹಿಂದೆ ನಿಂತಿದ್ದ ಸಬೀನಾಳ ಕೈ ಹಿಡಿದು ಮುಂದಕ್ಕೆ ಎಳೆದಳು. "ಕಾಲಿಡು."

"ಟಗರು ಆದ್ಮೇಲೆ ಮನೆಯೋರಲ್ವಾ ಅಜ್ಜೀ?"

"ಟಗರು ಆದ್ಮೇಲೆ ನೀರು ತಂದೋಳು. ನಾನು ನಿನ್ನ ಹಿಂದೆ."

ಸಬೀನಾ ಚಪ್ಪಲಿ ಕಲ್ಲಿನ ಆಚೆ ಬಿಟ್ಟು ಒಳಗೆ ಹೆಜ್ಜೆ ಇಟ್ಟಳು. ಹುಲ್ಲು ಇನ್ನೂ ಒದ್ದೆಯಾಗಿತ್ತು. ಟಗರು ತಲೆ ಎತ್ತಿ ಅವಳನ್ನೊಮ್ಮೆ ನೋಡಿ, ಸ್ವಲ್ಪ ಸರಿದು ಜಾಗ ಬಿಟ್ಟು, ಮತ್ತೆ ಮೇಯತೊಡಗಿತು.