ಮೀಟರಿನ ಮೇಲೊಂದು ಚುಕ್ಕೆ

"ಇದೇನು ಚುಕ್ಕೆ, ಓಬಳಪ್ಪ?"

ಬೋಪಯ್ಯನವರು ಎತ್ತರ ತೋರಿಸುವ ಮೀಟರನ್ನು ಬಾಗಿಲ ಬೆಳಕಿಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಮೂಗಿನ ತುದಿಗೆ ತಂದುಕೊಂಡು ನೋಡುತ್ತಿದ್ದರು. ಮೀಟರು ಎಂದರೆ ನಿಜವಾದ ಮೀಟರಲ್ಲ, ಮೀಟರಿನ ವೇಷ. ಒಳಗೆ ಯಂತ್ರವಿಲ್ಲ, ಮುಳ್ಳು ತಿರುಗುವುದಿಲ್ಲ. ಆದರೆ ಹಿತ್ತಾಳೆಯ ಬಳೆ, ಗಾಜು, ಕಪ್ಪು ಮುಖ, ಅದರ ಮೇಲಿನ ಅಂಕಿಗಳೆಲ್ಲ ಹಳೆಯ ವಿಮಾನದಲ್ಲಿ ಇದ್ದ ಹಾಗೆಯೇ ಇದ್ದವು. ಐದರ ಅಂಕಿಯ ಕೆಳಗೆ, ಬಳೆಯ ಅಂಚಿಗೆ ತಾಗಿಕೊಂಡು, ಸಾಸಿವೆಗಿಂತ ಸಣ್ಣದೊಂದು ಬಿಳಿ ಚುಕ್ಕೆ ಮಾತ್ರ ಹೆಚ್ಚಿಗೆ ಇತ್ತು.

ಓಬಳಪ್ಪ ಬಗ್ಗಿ ನೋಡಿದ. ಅವನಿಗೂ ಅದು ಹೊಸದೇ. ಆದರೆ ಅಂಗಡಿಯ ಯಜಮಾನ ತನ್ನ ಕೆಲಸವನ್ನು ತಾನೇ ಮೊದಲ ಸಲ ನೋಡಿದವನಂತೆ ಬಾಯಿ ಬಿಡುವುದು ಹೇಗೆ? ಬ್ರಷ್ ಜಾರಿರಬೇಕು ಎಂದ.

ಜಗಳೂರಿನ ಕಡೆಯ ಓಬಳಪ್ಪ ವಾಯುಪಡೆಯಲ್ಲಿ ವಿಮಾನದ ಮೀಟರುಗಳನ್ನು ಬಿಚ್ಚಿ ಜೋಡಿಸುವ ಫಿಟ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಹೆಂಡತಿ ಬೊಮ್ಮಕ್ಕನ ಊರಾದ ಹೊನ್ನಾಳಿಗೆ ಬಂದು ಗಡಿಯಾರ ರಿಪೇರಿ ಅಂಗಡಿ ಇಟ್ಟ. ಮುಂದೆ ಅಂಗಡಿ, ಪರದೆಯ ಹಿಂದೆ ಮನೆ. ಹೊನ್ನಾಳಿ ಹೊಡೆತ ಎಂದು ನಾಡೆಲ್ಲ ಗಾದೆ ಮಾಡಿಕೊಂಡಿದೆ, ಓಬಳಪ್ಪನಿಗೆ ಇಲ್ಲಿ ಬಿದ್ದದ್ದು ಲಕ್ವದ ಹೊಡೆತ. ದೇವರು ದೊಡ್ಡವನು, ಕಾಲು ಬಂತು, ಮಾತು ಬಂತು. ಬಲಗೈ ಮಾತ್ರ ಗಾಳಿಗೆ ಸಿಕ್ಕಿದ ಎಲೆಯ ಹಾಗೆ ನಡುಗುವುದನ್ನು ಬಿಡಲಿಲ್ಲ. ಅದನ್ನು ಅವನು ಜೇಬಿನಲ್ಲಿ ಇಟ್ಟುಕೊಂಡೇ ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದ. ನೋಡಿದವರು ಮಿಲಿಟರಿ ಮನುಷ್ಯನ ಗತ್ತು ಎಂದುಕೊಂಡರು.

ಬಂದ ಗಡಿಯಾರ ಪರದೆಯೊಳಗೆ ಹೋಗಿ, ನಡೆಯುತ್ತ ಹೊರಗೆ ಬರುತ್ತಿತ್ತು. ಒಳಗೆ ಕೂತು ಅದನ್ನು ನಡೆಸುತ್ತಿದ್ದವಳು ತಂಗಿ ದುರುಗಕ್ಕ. ಗಂಡ ಇನ್ನೊಂದು ಮದುವೆಯಾದ ಮೇಲೆ ಅಣ್ಣನ ಮನೆ ಸೇರಿದವಳು. ಮೊದಲು ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಬಿರಿಯದ ಮೊಗ್ಗನ್ನು ಉಗುರಿನಿಂದ ಸೀಳಿ, ಒಳಗಿನ ಎಳೆಗೆ ನೋವಾಗದಂತೆ ಸುತ್ತಲಿನ ಕೇಸರವನ್ನಷ್ಟೇ ಬಿಡಿಸುವ ಕೆಲಸ ಅದು. ಅಂಥ ಕೈಗೆ ಗಡಿಯಾರದ ಸ್ಪ್ರಿಂಗು ಯಾವ ಲೆಕ್ಕ? ಓಬಳಪ್ಪ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿದ, ಅವಳು ಕೈಯಲ್ಲಿ ಮಾಡಿದಳು. ಇದು ಹೊರಗೆ ಗೊತ್ತಾಗಬಾರದು ಎಂದು ಕಟ್ಟುಮಾಡಿದವಳು ಬೊಮ್ಮಕ್ಕ. ಕೈ ಬಿದ್ದವನ ಅಂಗಡಿಗೆ ಯಾರು ಗಡಿಯಾರ ತರುತ್ತಾರೆ, ಹೆಂಗಸಿನ ಕೈಗೆ ಯಾರು ಕೊಡುತ್ತಾರೆ ಎಂಬುದು ಅವಳ ಭಯ. ಭಯವೇನೂ ಸುಳ್ಳಲ್ಲ. ದುರುಗಕ್ಕ ಪರದೆಯ ಹಿಂದೆಯೇ ಕೂತು ಕೆಲಸ ಮಾಡಿಕೊಂಡು ಹೋದಳು.

ಹೀಗಿರುವಾಗ ಎಂಬತ್ಮೂರರ ಬೇಸಿಗೆಯಲ್ಲಿ ಬೋಪಯ್ಯನವರು ಹುಡುಕಿಕೊಂಡು ಬಂದರು. ಓಬಳಪ್ಪನಿಗೆ ಒಂದು ಕಾಲದಲ್ಲಿ ಮೇಲಧಿಕಾರಿಯಾಗಿದ್ದ ಪೈಲಟ್. ತಾವು ಹಾರುವುದನ್ನು ಕಲಿತ ಜಾತಿಯ, ಎರಡು ಪದರ ರೆಕ್ಕೆಯ ವಿಮಾನವೊಂದನ್ನು ಗುಜರಿಯಿಂದ ಬಿಡಿಸಿ ತಂದು, ಬೆಂಗಳೂರಿನ ಶೆಡ್ಡೊಂದರಲ್ಲಿ ಗೆಳೆಯರ ಜೊತೆ ಮೊದಲಿನಂತೆ ಮಾಡಿ ನಿಲ್ಲಿಸುತ್ತಿದ್ದರು. ರೆಕ್ಕೆಗೆ ಬಟ್ಟೆ ಹೊದಿಸಿಯಾಗಿತ್ತು. ಪೈಲಟ್ ಕೂರುವ ಕಡೆ ಮೀಟರುಗಳಿದ್ದ ಜಾಗದಲ್ಲಿ ಬರೀ ತೂತುಗಳಿದ್ದವು. ಫೋಟೋಗಳನ್ನೂ ಸವೆದ ಹಳೆಯ ಮುಖವೊಂದನ್ನೂ ಕೊಟ್ಟು, ಅದೇ ಥರದವು ಬೇಕು, ಹಾರುವುದಕ್ಕಲ್ಲ, ನೋಡುವುದಕ್ಕೆ ಎಂದರು. ಓಬಳಪ್ಪ ಜೇಬಿನಿಂದ ಕೈ ತೆಗೆಯದೆ ಒಪ್ಪಿಕೊಂಡ.

ಚನ್ನಗಿರಿಯ ಪಾತ್ರೆ ಕೆಲಸದವನಿಂದ ಹಿತ್ತಾಳೆಯ ಡಬ್ಬಿ, ಬಳೆಗಳು ಬಂದವು. ತಗಡನ್ನು ದುಂಡಗೆ ಕತ್ತರಿಸಿ, ಹೊಳಪು ಬರದಂತೆ ಮಸಿ ಬೆರೆಸಿದ ಕಪ್ಪು ಬಣ್ಣ ಬಳಿದರು. ಹಳೆಯ ಅಂಕಿಗಳು ಕಾಲ ಕಳೆದು ಕೆನೆಬಣ್ಣಕ್ಕೆ ತಿರುಗಿದ್ದವು. ಆ ಕೆನೆ ಬರುವ ತನಕ ದುರುಗಕ್ಕ ಬಿಳಿಗೆ ಹಳದಿ ಸೇರಿಸಿ ಸೇರಿಸಿ ನೋಡಿದಳು. ಆಮೇಲೆ ಅಳಿಲಿನ ಬಾಲದ ಕೂದಲ ಬ್ರಷ್ಷಿನಲ್ಲಿ ಅಂಕಿ, ಅಕ್ಷರ, ಗೀಟು ಎಲ್ಲ ಬರೆದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆ ಇಂಗ್ಲಿಷ್ ಅಕ್ಷರಗಳು ಅವಳಿಗೆ ಬಳ್ಳಿಯೋ ಕೊಕ್ಕೆಯೋ ಇದ್ದಂತೆ. ಕಂಡದ್ದನ್ನು ಕಂಡ ಹಾಗೆ ಇಳಿಸಿದಳು, ಅಷ್ಟೇ.

ಬಿಸಿಲಿಗೆ ಇಟ್ಟಿದ್ದ ಮುಖಗಳನ್ನು ಪಕ್ಕದ ಮನೆಯ ಕೊಲ್ಲಾಪುರಮ್ಮ ನೋಡಿ, ಅಚ್ಚು ಹಾಕಿದಂತಿವೆ, ನಿನ್ನ ಕೈ ಬಂಗಾರ ಕಣಣ್ಣ ಎಂದು ಓಬಳಪ್ಪನನ್ನು ಹೊಗಳಿದಳು. ಹಿಟ್ಟು ಜರಡಿ ಹಿಡಿಯುತ್ತಿದ್ದ ದುರುಗಕ್ಕನಿಗೆ ಅದು ಕೇಳಿಸಿತು. ಹಿಗ್ಗು ಬಂತು, ಅದರ ಹಿಂದೆಯೇ ಅಂಜಿಕೆ ಬಂತು. ಚೆನ್ನಾಗಿರುವ ಕೂಸಿಗೆ ಕೆನ್ನೆಯ ಮೇಲೊಂದು ಬೊಟ್ಟು ಇಡದೆ ಹೊರಗೆ ಕಳಿಸುತ್ತಾರೆಯೇ? ಮಾರನೆಯ ದಿನ ಅಣ್ಣ ಸ್ನಾನಕ್ಕೆ ಹೋದಾಗ ಒಂದೊಂದು ಮುಖಕ್ಕೂ ದೃಷ್ಟಿಯ ಬೊಟ್ಟು ಇಟ್ಟಳು. ಕರಿ ಮುಖದ ಮೇಲೆ ಕಾಡಿಗೆ ಕಾಣುವುದಿಲ್ಲ ಎಂದು ಬಿಳಿಯದೇ ಇಟ್ಟಳು. ಮಿಕ್ಕವೆಲ್ಲ ಹಿತ್ತಾಳೆ ಬಳೆಯ ಅಡಿಗೆ ಹೋದವು. ಇದೊಂದರ ಬಳೆ ತುಸು ದೊಡ್ಡದಾಗಿತ್ತು, ಬೊಟ್ಟು ಹೊರಗೇ ಉಳಿಯಿತು.

ಮೀಟರುಗಳನ್ನು ಒಯ್ಯಲು ಬಂದಿದ್ದ ಬೋಪಯ್ಯನವರು ಆ ಚುಕ್ಕೆಗೆ ಸಿಟ್ಟಾಗಲಿಲ್ಲ. "ವಿಮಾನದ ಮೀಟರ್ ಮೇಲೆ ಸುಮ್ಮನೆ ಒಂದು ಗುರುತು ಇರೋದಿಲ್ಲ, ನಿಮಗೆ ಗೊತ್ತಲ್ಲ. ಒಂದು ಚೂರು ಕಪ್ಪು ತಾಗಿಸಿ ಕೊಡಿ. ನಾನು ಕೂತಿರ್ತೀನಿ" ಎಂದು ಬೆಂಚಿನ ಮೇಲೆ ಕೂತರು. ಆಮೇಲೆ ಕಳಿಸುತ್ತೇನೆ ಎಂದು ಓಬಳಪ್ಪ ಹೇಳಿ ನೋಡಿದ. ಕಾರು ಹೊರಗೆ ನಿಂತಿದೆ, ನಾಳೆ ಕೂರಿಸುವವರು ಕಾಯುತ್ತಿದ್ದಾರೆ ಎಂದು ಅವರು ಕದಲಲಿಲ್ಲ. ಗಡಿಯಾರ ಕೇಳಿಕೊಂಡು ಬಂದಿದ್ದ ದೊಡ್ಡಣ್ಣ ಮೇಷ್ಟರೂ ಇದನ್ನು ನೋಡಿಯೇ ಹೋಗೋಣವೆಂದು ಕಂಬಕ್ಕೆ ಒರಗಿದರು. ಮೇಷ್ಟರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ತುಂಗಭದ್ರೆ ದಾಟುತ್ತಿತ್ತು.

ಓಬಳಪ್ಪನಿಗೆ ಬಿಸಿತುಪ್ಪ ಗಂಟಲಲ್ಲಿ ಸಿಕ್ಕಂತಾಯಿತು. ಮೀಟರನ್ನು ಒಳಗೆ ಒಯ್ಯಲು ನೆಪವಿರಲಿಲ್ಲ, ಬಣ್ಣ ಬ್ರಷ್ಷು ಎಲ್ಲ ಮೇಜಿನ ಮೇಲೆಯೇ ಇದ್ದವು. ಬಳೆ ಬಿಚ್ಚಿ ಗಾಜು ತೆಗೆದ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಬ್ರಷ್ ಎತ್ತಿದ. ಕಪ್ಪು ಬಣ್ಣದ ಹನಿಯೊಂದು ಮೇಜಿನ ಮೇಲೆ ಬಿತ್ತು. ಇನ್ನೊಂದು ಅವನ ಹೆಬ್ಬೆರಳಿಗೆ ತಾಗಿತು. ಚುಕ್ಕೆಯ ನೆತ್ತಿಯ ಮೇಲೆಯೇ ಐದರ ಹೊಟ್ಟೆ ಇತ್ತು. ಕೂದಲೆಳೆಯಷ್ಟು ಜಾರಿದರೆ ಐದು ಹೋಗುತ್ತಿತ್ತು, ಐದು ಹೋದರೆ ಇಡೀ ಮುಖ ಹೋದಂತೆ.

ಪರದೆಯ ಹಿಂದೆ ದುರುಗಕ್ಕ ಎದ್ದು ನಿಂತಳು. ಬೊಮ್ಮಕ್ಕ ಅವಳ ರಟ್ಟೆ ಹಿಡಿದಳು.

"ಸುಮ್ಕಿರು. ಗಂಡಸ್ರು ಅದಾರೆ ಅಲ್ಲಿ."

"ಅತ್ತಿಗೆ, ಆ ಐದು ಕೆಟ್ಟೋಗ್ತೈತೆ."

ಬೊಮ್ಮಕ್ಕ ಕೈ ಬಿಡಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು.

ಬ್ರಷ್ ಮುಖದ ಹತ್ತಿರ ಬಂತು, ಹಿಂದೆ ಹೋಯಿತು, ಮತ್ತೆ ಬಂತು. ಕಂಬಕ್ಕೆ ಒರಗಿದ್ದ ಮೇಷ್ಟರು ನೆಟ್ಟಗಾದರು. ಬೋಪಯ್ಯನವರು ನೋಡಬಾರದ್ದನ್ನು ನೋಡಿದವರಂತೆ ರಸ್ತೆಯ ಕಡೆ ತಿರುಗಿ ಕೂತರು. ಅವರು ಹಾಗೆ ತಿರುಗಿದ್ದನ್ನು ಓಬಳಪ್ಪನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವನು ಬ್ರಷ್ಷನ್ನು ಮೇಜಿನ ಮೇಲಿಟ್ಟ.

"ಸಾರ್, ಇದು ನಾನು ಬರ್ದಿದ್ದಲ್ಲ. ಒಂದೂ ನಾನು ಬರ್ದಿಲ್ಲ" ಎಂದ. ಆಮೇಲೆ ಮೇಷ್ಟರಿಗೂ ಕೇಳಿಸುವ ಹಾಗೆ ಒಳಗೆ ಕರೆದ. "ದುರುಗಿ, ಬಾರವ್ವ ಇಲ್ಲಿ."

ದುರುಗಕ್ಕ ಸೆರಗು ಹೊದ್ದುಕೊಂಡು ಹೊರಗೆ ಬಂದಳು. ಓಬಳಪ್ಪ ಸ್ಟೂಲು ಬಿಟ್ಟು ಎದ್ದ. ಅಂಗಡಿಯ ಆ ಸ್ಟೂಲಿನ ಮೇಲೆ ಅವಳು ಕೂತದ್ದು ಅದೇ ಮೊದಲು. ಮುಖವನ್ನು ಬೆಳಕಿಗೆ ಓರೆ ಮಾಡಿಕೊಂಡು, ಉಸಿರು ಹಿಡಿದು, ತಾಗಿಸಿದಳೋ ಇಲ್ಲವೋ ಎಂಬಂತೆ ಬ್ರಷ್ ತಾಗಿಸಿದಳು. ಚುಕ್ಕೆ ಹೋಯಿತು.

ಯಾಕೆ ಇಟ್ಟಿದ್ದೆ ತಾಯಿ ಎಂದು ಬೋಪಯ್ಯನವರು ಕೇಳಿದರು.

"ದೃಷ್ಟಿ ಆಗ್ಬಾರ್ದು ಅಂತ ರೀ" ಎಂದಳು, ತಲೆ ಎತ್ತದೆ.

ಅವರು ಚುಕ್ಕೆ ಇದ್ದ ಜಾಗವನ್ನು ಬಗ್ಗಿ ನೋಡಿದರು. ತಮ್ಮ ಜೊತೆ ಹಾರುವುದನ್ನು ಕಲಿತ ಹುಡುಗನೊಬ್ಬ ಇಂಥದೇ ವಿಮಾನ ಬಿದ್ದು ಹೋಗಿಬಿಟ್ಟ ಎಂದರು. ಬಹಳ ಚೆನ್ನಾಗಿದ್ದ, ಯಾರಾದರೂ ಅವನಿಗೊಂದು ಬೊಟ್ಟು ಇಡಬೇಕಿತ್ತು ಎಂದರು. ಆಮೇಲೆ ಡಬ್ಬಿಯ ಹಿಂದಿನ ಮುಚ್ಚಳ ಬಿಚ್ಚಿ ಒಳಗೆ ನೋಡಿದರು. ಬರೀ ಹಿತ್ತಾಳೆ ಹೊಳೆಯುತ್ತಿತ್ತು.

"ಕೆಲಸ ಮಾಡಿದವರ ಹೆಸರಿಲ್ಲದ ಮೀಟರನ್ನು ನೀವೇ ವಿಮಾನಕ್ಕೆ ಹತ್ತಿಸ್ತಿರಲಿಲ್ಲ, ಓಬಳಪ್ಪ."

ಮೀಟರು ಬಿಚ್ಚಿದವನು ಒಳಗೆ ತನ್ನ ಹೆಸರು ಬರೆದೇ ಮುಚ್ಚಬೇಕೆಂಬುದು ಓಬಳಪ್ಪ ಕೆಲಸ ಮಾಡಿದ ಕಡೆಯ ನಿಯಮ. ಇವುಗಳೊಳಗೆ ತನ್ನ ಹೆಸರು ಹಾಕಲು ಅವನಿಗೆ ಕೈ ಬಂದಿರಲಿಲ್ಲ. ತಂಗಿಯ ಹೆಸರು ಹಾಕಲು ಧೈರ್ಯ ಬಂದಿರಲಿಲ್ಲ. ಮುಚ್ಚಳವನ್ನು ಅವಳ ಮುಂದಿಟ್ಟು, ನಿನ್ನ ಹೆಸರು ಬರಿ ಎಂದ.

"ನಂಗೆಲ್ಲಿ ಬರೆಯಾಕೆ ಬರ್ತೈತಣ್ಣ?"

ಓಬಳಪ್ಪ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆಯತೊಡಗಿದ. ಇಷ್ಟು ದಿನ ಜೇಬಿನಲ್ಲಿದ್ದ ಕೈಯನ್ನು ಎಲ್ಲರೂ ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟ. ನಾಲ್ಕಕ್ಷರದ ಹೆಸರಿಗೆ ಬಹಳ ಹೊತ್ತು ಹಿಡಿಯಿತು. ದುರುಗಕ್ಕ ಆ ಹಾಳೆಯನ್ನು ಮುಚ್ಚಳದ ಪಕ್ಕಕ್ಕೆ ಎಳೆದುಕೊಂಡು, ಯಾವತ್ತೂ ನೋಡುವ ಹಾಗೆಯೇ ಚೆನ್ನಾಗಿ ನೋಡಿ, ಬ್ರಷ್ ಅದ್ದಿ ಶುರುಮಾಡಿದಳು.

ಪೆನ್ಸಿಲು ಎಲ್ಲಿ ಅದುರಿತ್ತೋ ಅಲ್ಲಿ ಅವಳ ಗೆರೆಯೂ ಅದುರಿತು. ಒತ್ತಕ್ಷರದ ಬಾಲ ಎಲ್ಲಿ ಎಗರಿ ಪಕ್ಕಕ್ಕೆ ಹೋಗಿತ್ತೋ ಅಲ್ಲಿ ಅಷ್ಟೇ ಎಗರಿತು. ಅವಳ ಕೈ ಮಾತ್ರ ಒಂದಿಷ್ಟೂ ನಡುಗಲಿಲ್ಲ. ಹಂಗಲ್ಲವ್ವ, ನೆಟ್ಟಗೆ ಬರಿ ಎಂದು ಹೇಳಲು ಓಬಳಪ್ಪ ಬಾಯಿ ತೆರೆದ. ಬದಲಿಗೆ ಹಾಳೆ ಅಲುಗದಂತೆ ಎಡಗೈಯಲ್ಲಿ ಅದರ ತುದಿ ಒತ್ತಿ ಹಿಡಿದ.

ಬರೆದು ಮುಗಿಸಿ ಅವಳು ಮುಚ್ಚಳವನ್ನು ಬಾಗಿಲ ಬಿಸಿಲಿಗೆ ಸರಿಸಿದಳು. ಒಣಗುವ ತನಕ ಬೋಪಯ್ಯನವರು ಏಳಲಿಲ್ಲ.