ಬಲಗಡೆಯ ಜೇಬು

ದೊರೆಯವರ ಕೋಟಿನ ಎದೆಜೇಬು ಬಲಗಡೆಗಿತ್ತು. ಲೋಕದ ಗಂಡಸರ ಕೋಟುಗಳೆಲ್ಲ ಎಡ ಎದೆಯ ಮೇಲೆ ಜೇಬು ಹೊತ್ತು ತಮ್ಮ ಪಾಡಿಗೆ ತಾವು ಓಡಾಡಿಕೊಂಡಿರುವಾಗ, ಈ ಒಂದು ಬೂದುಬಣ್ಣದ ಉಣ್ಣೆಯ ಕೋಟು ಮಾತ್ರ ಹಟ ಸಾಧಿಸಿದಂತೆ ಬಲಕ್ಕೆ ಜೇಬಿಟ್ಟುಕೊಂಡು, ಅದರೊಳಗಿಂದ ಬಿಳಿ ಕರವಸ್ತ್ರದ ತುದಿಯನ್ನು ಇಷ್ಟೇ ಇಷ್ಟು ಹೊರಗೆ ಚಾಚಿ, ಹತ್ತು ಗಂಟೆಗೆ ಐದು ನಿಮಿಷವಿರುವಾಗ ನಮ್ಮ ನಕಾಶೆ ಕಚೇರಿಯ ಮೆಟ್ಟಿಲೇರಿ ಬರುತ್ತಿತ್ತು. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿತ್ತು. ಆ ಹೆಸರಿನಿಂದ ಕರೆದವರನ್ನು ನಾನು ಕಾಣೆ, ಎಲ್ಲರಿಗೂ ಅವರು ದೊರೆಯೇ. ಹುದ್ದೆಯಲ್ಲಿ ನಕಾಶೆ ಬರೆಯುವವರ ಪೈಕಿ ಮೂರನೆಯವರು, ಮೈಕಟ್ಟಿನಲ್ಲಿ ಸಣ್ಣ ಆಳು, ಆದರೆ ಬಂದು ಕುಳಿತರೆಂದರೆ ಕುರ್ಚಿಗೇ ಬಡ್ತಿ ಸಿಕ್ಕಂತಾಗುತ್ತಿತ್ತು. ಹನ್ನೊಂದು ವರ್ಷ ಪಕ್ಕದ ಮೇಜಿನಲ್ಲಿ ಕುಳಿತಿದ್ದ ನಾನು ಈ ಮಾತನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೂ ಬಹಳ ಪ್ರೀತಿಯಿಂದಲೂ ಹೇಳುತ್ತಿದ್ದೇನೆ.

ಅವರ ನಡಿಗೆಯನ್ನು ನೋಡಲೆಂದೇ ಕಿಟಕಿಯ ಬಳಿ ನಿಂತ ದಿನಗಳುಂಟು. ರಸ್ತೆಯ ಒರಟು ಕಲ್ಲುಗಳನ್ನು ಬಿಟ್ಟು ನುಣುಪಾದ ಅಂಚಿನಲ್ಲೇ ಹೆಜ್ಜೆಯಿಡುತ್ತ, ನೀರು ನಿಂತಲ್ಲಿ ಮೊಣಕಾಲನ್ನು ಒಂದಿಷ್ಟು ಹೆಚ್ಚು ಎತ್ತಿ, ಹಿಮ್ಮಡಿಯನ್ನು ನೆಲಕ್ಕೆ ತಾಕಿಸಿಯೂ ತಾಕಿಸದಂತೆ ಅವರು ಬರುತ್ತಿದ್ದ ರೀತಿಯಲ್ಲಿ ಒಂದು ತಾಳವಿತ್ತು. ಬೂಟಿನ ಅಟ್ಟೆ ಸವೆಯಬಾರದೆಂಬ ಎಚ್ಚರ ಅದು ಎಂದು ನನಗೆ ತಿಳಿಯುವ ಹೊತ್ತಿಗೆ, ನಮ್ಮ ಬೆರಳಚ್ಚುಗಾರ ಅದನ್ನು ಗಣ್ಯರ ನಡಿಗೆಯೆಂದು ತಿಳಿದು ಅಭ್ಯಾಸ ಮಾಡಿಕೊಂಡುಬಿಟ್ಟಿದ್ದ. ಕುಳಿತುಕೊಳ್ಳುವ ಮೊದಲು ಅವರು ಎರಡೇ ಬೆರಳಲ್ಲಿ ಪ್ಯಾಂಟಿನ ಮಡಿಕೆಯನ್ನು ಮೊಣಕಾಲ ಮೇಲೆ ತುಸು ಎತ್ತಿಕೊಳ್ಳುತ್ತಿದ್ದರು. ಬಟ್ಟೆಯ ವಿಚಾರ ಬಂದರೆ ಅವರ ಬಾಯಿಂದ ಹೊರಡುವ ಮೊದಲ ಮಾತು ಒಂದೇ: "ಬೆಳಕಿಗೆ ಬನ್ನಿ, ಬೆಳಕಿಗೆ." ಯಾರು ಹೊಸ ಅಂಗಿ ತೊಟ್ಟು ಬಂದರೂ ತೋಳು ಹಿಡಿದು ಕಿಟಕಿಯವರೆಗೆ ಎಳೆದೊಯ್ದು, ನೇಯ್ಗೆಯನ್ನು ಕಣ್ಣ ಹತ್ತಿರ ಹಿಡಿದು, ಎರಡು ಸಲ ತಲೆಯಾಡಿಸಿದ ಮೇಲೆಯೇ ಕೆಲಸಕ್ಕೆ ಬಿಡುತ್ತಿದ್ದರು.

ಸುಖಗಳ ಬಗ್ಗೆ ಅವರಿಗೆ ಖಚಿತವಾದ ಅಭಿಪ್ರಾಯಗಳಿದ್ದವು. ನಾಲ್ಕು ಗಂಟೆಗೆ ಮೂಲೆಯಂಗಡಿಯಲ್ಲಿ ಅರ್ಧ ಲೋಟ ಚಹಾ, ಅದನ್ನೂ ಬಿಸಿಲಿಗೆ ಬೆನ್ನು ಕೊಟ್ಟು ನಿಂತೇ ಕುಡಿಯಬೇಕು. ಒಗೆದು ಇಸ್ತ್ರಿ ಮಾಡಿದ ಅಂಗಿಯನ್ನು ಅದು ಇನ್ನೂ ಬೆಚ್ಚಗಿರುವಾಗಲೇ ತೊಡಬೇಕು. ಸಂಜೆ ಮನೆಗೆ ಹೋಗುವಾಗ ಸುತ್ತುಬಳಸಾದರೂ ಸರಿ, ಬಟ್ಟೆಯಂಗಡಿಗಳ ಬೀದಿಯಲ್ಲೇ ಹಾದುಹೋಗಬೇಕು. ಗಾಜಿನ ಹಿಂದೆ ನಿಂತ ಬೊಂಬೆಗಳ ಉಡುಪನ್ನು ಅವರು ಒಂದೊಂದಾಗಿ ಪರಿಶೀಲಿಸುತ್ತ, ಇದು ಭುಜದಲ್ಲಿ ಸೋತಿದೆ, ಅದಕ್ಕೆ ಕಾಲರು ಕೊಬ್ಬಿದೆ ಎಂದು ತೀರ್ಪು ಕೊಡುತ್ತ ನಡೆಯುವಾಗ ಬೀದಿಯ ಒಡೆಯರೇ ಅವರೇನೋ ಅನ್ನಿಸುತ್ತಿತ್ತು. ಒಮ್ಮೆ ನಾನು, "ಕೊಳ್ಳೋದೇನೂ ಇಲ್ವಲ್ಲ, ಯಾಕೆ ಕಾಲು ನೋಯಿಸ್ಕೊಳ್ತೀರಿ?" ಎಂದು ಕೇಳಿದೆ. "ಕಣ್ಣಿಗೆ ಯಾರೂ ಟಿಕೆಟ್ ಕೇಳಲ್ಲಪ್ಪ," ಎಂದು ಹುಬ್ಬು ಹಾರಿಸಿ ಮುಂದಿನ ಗಾಜಿಗೆ ನಡೆದರು.

ಆ ಕೋಟಿನ ಗುಟ್ಟು ನನಗೆ ಗೊತ್ತಾದದ್ದು ಒಂದು ರಜೆಯ ಬೆಳಿಗ್ಗೆ, ಅವರು ಮರೆತುಹೋಗಿದ್ದ ಕೊಡೆಯನ್ನು ಕೊಡಲೆಂದು ಹೇಳದೆ ಕೇಳದೆ ಅವರ ಮನೆಗೆ ಹೋದಾಗ. ಬಾಗಿಲು ತೆರೆದ ಅವರ ಹೆಂಡತಿ, ನನ್ನನ್ನು ಕಂಡು ಒಂದು ಗಳಿಗೆ ಗಲಿಬಿಲಿಗೊಂಡು, ಆಮೇಲೆ ನಗು ತಡೆಯಲಾರದೆ ಹೇಳಿದರು: "ಬನ್ನಿ ಅಣ್ಣ, ನೋಡ್ಕೊಂಡು ಬನ್ನಿ. ಇವರ ಕೋಟು ಹೊಟ್ಟೆ ಬಗಿಸಿಕೊಂಡು ನಡುಮನೇಲಿ ಬಿದ್ದಿದೆ, ತುಳಿದುಬಿಟ್ಟೀರಿ."

ಬಿದ್ದಿತ್ತು ನಿಜ. ತೋಳು ಒಂದು ಕಡೆ, ಬೆನ್ನು ಒಂದು ಕಡೆ, ಕಾಲರು ಇನ್ನೊಂದು ಕಡೆ. ಎಲ್ಲ ಹೊಲಿಗೆಗಳನ್ನೂ ಬಿಚ್ಚಿ, ತುಂಡುಗಳನ್ನು ಒದ್ದೆ ಬಟ್ಟೆಯಿಟ್ಟು ಇಸ್ತ್ರಿ ಮಾಡಿ, ಪ್ರತಿಯೊಂದಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ನಮ್ಮ ಕಚೇರಿಯ ನಕಾಶೆಗಿಂತ ಅಚ್ಚುಕಟ್ಟಾಗಿ ನೆಲದ ಮೇಲೆ ಹರಡಿದ್ದರು. ನಡುವೆ ಬನಿಯನ್ನು ತೊಟ್ಟು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ದೊರೆ ಕುಳಿತಿದ್ದರು. ಹಗ್ಗದ ಮೇಲೆ ಒಣಗುತ್ತಿದ್ದ ಅವರ ಬಿಳಿಯ ಅಂಗಿಗಳನ್ನು ಕಂಡಾಗ ನನಗೆ ಇನ್ನೂ ಒಂದು ಆಶ್ಚರ್ಯ: ಸೊಂಟದವರೆಗೆ ಹಾಲಿನಂಥ ಬಿಳುಪು, ಅಲ್ಲಿಂದ ಕೆಳಕ್ಕೆ ಹಳೆಯ ಕಿಟಕಿಪರದೆಯ ಕೆಂಪು ಹಳದಿ ಹೂವುಗಳು. ಕಾಲರು ಹರಿದಾಗಲೆಲ್ಲ ಅಂಗಿಯ ಕೆಳತುದಿಯನ್ನು ಕತ್ತರಿಸಿ ಹೊಸ ಕಾಲರು ಮಾಡುವುದು, ಕೆಳಗೆ ಕಡಿಮೆಯಾದದ್ದನ್ನು ಪರದೆಯಿಂದ ತುಂಬುವುದು. ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡ ಮೇಲೆ ಕೇಳುವವರಾರು! ಇಷ್ಟು ವರ್ಷ ನಮ್ಮ ಕಚೇರಿಯ ಅತಿ ಗಂಭೀರ ಮನುಷ್ಯ ಒಳಗೊಂದು ಹೂದೋಟ ಇಟ್ಟುಕೊಂಡು ಓಡಾಡುತ್ತಿದ್ದರೆಂದು ನೆನೆದು ನನಗೆ ನಗು ಉಕ್ಕಿ ಬಂತು.

ದೊರೆ ಸೂಜಿಗಳನ್ನು ಬಾಯಿಂದ ತೆಗೆದು ವಿವರಿಸಿದರು. ಉಣ್ಣೆಯ ಬಟ್ಟೆ ಹೊರಗಡೆ ಬಣ್ಣಗೆಟ್ಟರೂ ಒಳಮೈ ಹೊಸದಾಗಿಯೇ ಇರುತ್ತದೆ. ಪೂರ್ತಿ ಬಿಚ್ಚಿ, ಒಳಗಿದ್ದದ್ದನ್ನು ಹೊರಗೆ ಮಾಡಿ ಮತ್ತೆ ಹೊಲಿದರೆ ಇನ್ನೊಂದು ಆಯುಸ್ಸು. ಇದಕ್ಕೆ ಕೋಟು ಮಗುಚುವುದು ಎನ್ನುತ್ತಾರೆ. ಒಂದೇ ತೊಂದರೆ: ಮಗುಚಿದಾಗ ಎಡದ ತುಂಡು ಬಲಕ್ಕೆ ಹೋಗುತ್ತದೆ. ಗುಂಡಿ ತೂರಿಸುವ ಹಳೆಯ ಕಾಜಗಳನ್ನು ದಾರದಿಂದ ಎಳೆಯೆಳೆಯಾಗಿ ನೇಯ್ದು ರಫೂ ಮಾಡಿ, ಅವುಗಳ ಮೇಲೇ ಗುಂಡಿ ಕೂರಿಸಿ ಮುಚ್ಚಿಬಿಡಬಹುದು. ಎದೆಜೇಬು ಮಾತ್ರ ಬಟ್ಟೆಯನ್ನೇ ಸೀಳಿ ಮಾಡಿದ್ದಾದ್ದರಿಂದ ಅದನ್ನು ಅಡಗಿಸುವ ಉಪಾಯ ದೇವರಿಗೂ ತಿಳಿಯದು.

"ಯಾರಿಗೂ ಹೇಳಬೇಡಿ," ಎಂದರು, ಮೊದಲ ಸಲ ದನಿ ತಗ್ಗಿಸಿ. "ಬೈದರೆ ತಡ್ಕೊಳ್ತೀನಿ, ನಕ್ಕರೂ ತಡ್ಕೊಳ್ತೀನಿ. ಆದರೆ ನನ್ನ ನೋಡಿ ಯಾರಾದರೂ 'ಅಯ್ಯೋ ಪಾಪ' ಅಂದುಬಿಟ್ಟರೆ, ಆಮೇಲೆ ಈ ಬಟ್ಟೆಗಳಲ್ಲಿ ನನಗೆ ಏನೂ ಸುಖ ಇರಲ್ಲ." ನಾನು ಬಾಯಿಗೆ ಬೀಗ ಹಾಕಿಕೊಳ್ಳುವುದಾಗಿ ಮಾತು ಕೊಟ್ಟೆ.

ಮಾರನೆಯ ವಾರ ಕೋಟು ಕಚೇರಿಗೆ ಬಂತು. ಹೆಡ್ ಕ್ಲರ್ಕು ಸಾಹೇಬರು, ಬೇರೆಯವರ ಊಟದ ಡಬ್ಬಿಯಲ್ಲಿ ಏನಿದೆಯೆಂದೂ ತಿಳಿದುಕೊಳ್ಳುವ ಹಕ್ಕು ತಮಗಿದೆಯೆಂದು ನಂಬಿದ್ದ ಧಡೂತಿ ಮನುಷ್ಯ, ಕನ್ನಡಕವನ್ನು ಹಣೆಗೇರಿಸಿ ಕೇಳಿದರು: "ಏನ್ರೀ ಇದು, ಜೇಬು ಆ ಕಡೆ ಹೋಗಿ ಕೂತಿದೆ?"

ನಾನು ನನ್ನ ಕಾಗದದ ಮೇಲೆ ಮುಖ ಬಗ್ಗಿಸಿದೆ. ದೊರೆ ಮಾತ್ರ ರೆಪ್ಪೆ ಮಿಟುಕಿಸಲಿಲ್ಲ. ಬಲಗೈಯನ್ನು ನಕಾಶೆಯ ಮೇಲಿನ ಅಳತೆಪಟ್ಟಿಯಿಂದ ಎತ್ತದೆಯೇ ಎಡಗೈಯನ್ನು ಎದೆಗೆ ಒಯ್ದು, ಬಲಜೇಬಿನಿಂದ ಪೆನ್ನನ್ನು ಹೂವಿನ ಹಾಗೆ ಕಿತ್ತು ತೋರಿಸಿದರು. "ನೋಡಿ ಸಾರ್, ನಕಾಶೆ ಬರೆಯೋನ ಬಲಗೈ ಕಾಗದ ಬಿಟ್ಟು ಏಳಬಾರದು. ಎದ್ದರೆ ಗೆರೆ ಕೆಡುತ್ತೆ. ಎಡಗೈಗೆ ಅನುಕೂಲ ಆಗೋ ಹಾಗೆ ಜೇಬು ಬಲಕ್ಕಿರಬೇಕು. ತಿಳಿದವರು ಹೀಗೇ ಹೊಲಿಸ್ತಾರೆ."

ಇಷ್ಟು ಸರಾಗವಾಗಿ ಕಾಗೆ ಹಾರಿಸಿದ್ದನ್ನು ನಾನು ಬದುಕಿನಲ್ಲಿ ಕಂಡದ್ದಿಲ್ಲ. ನಮ್ಮದು ಅಂಗುಲದ ಹತ್ತನೆಯ ಒಂದು ಭಾಗಕ್ಕಾಗಿ ದಿನವಿಡೀ ಜಗಳವಾಡುವ ಜನರ ಕಚೇರಿ. ಕೈಯ ಒಂದು ಚಲನೆ ಉಳಿಯುತ್ತದೆಂದರೆ ಅದನ್ನು ಸುಮ್ಮನೆ ಬಿಟ್ಟಾರೆಯೇ? ಮೊದಲು ಬೆರಳಚ್ಚುಗಾರ ತನ್ನ ಮದುವೆಯ ಕೋಟಿಗೆ ಬಲಕ್ಕೆ ಜೇಬಿಡಿಸಿದ. ಬೆರಳಚ್ಚು ಮಾಡುವವನಿಗೆ ಎರಡೂ ಕೈ ಬೇಕಲ್ಲವೇ ಎಂದು ಯಾರೂ ಕೇಳಲಿಲ್ಲ. ಆಮೇಲೆ ಉಗ್ರಾಣದವರು, ಆಮೇಲೆ ನಕಾಶೆಯ ಮೊದಲನೆಯವರು ಮತ್ತು ನಾಲ್ಕನೆಯವರು. ಕೊನೆಗೆ ಹೆಡ್ ಕ್ಲರ್ಕು ಸಾಹೇಬರೇ ಊರಿನ ಅತಿ ದೊಡ್ಡ ದರ್ಜಿಯ ಬಳಿ ಹೋಗಿ, ಅವನು ಬೇಡ ಬೇಡವೆಂದರೂ ಗದರಿಸಿ, ಕಡುನೀಲಿ ಬಟ್ಟೆಯ ಭರ್ಜರಿ ಕೋಟನ್ನು ಬಲಜೇಬಿನೊಡನೆ ಹೊಲಿಸಿಕೊಂಡು ಬಂದರು. ಎರಡನೆಯ ಚಳಿಗಾಲದ ಹೊತ್ತಿಗೆ, ದೊರೆಯನ್ನು ಬಿಟ್ಟು, ಹದಿನೇಳು ಮಂದಿಯಲ್ಲಿ ಒಂಬತ್ತು ಮಂದಿಯ ಪೆನ್ನು ಬಲ ಎದೆಯಲ್ಲಿತ್ತು. ನನ್ನದು ಎಡದಲ್ಲೇ ಉಳಿದದ್ದಕ್ಕೆ ಹಳೆಯ ಕಾಲದವನೆಂಬ ಬಿರುದು ಬಂತು.

ದೊರೆ ಮೊದಮೊದಲು ಇದನ್ನು ಒಳಗೊಳಗೇ ಸವಿದರು. ಆದರೆ ಹೆಡ್ ಕ್ಲರ್ಕರ ಕೋಟನ್ನು ಬೆಳಕಿಗೆ ಎಳೆದೊಯ್ದು ನೋಡಿದ ದಿನ ಅವರ ಮುಖ ಸಣ್ಣಗಾಯಿತು. "ಎಂಥಾ ಬಟ್ಟೆ ಗೊತ್ತಾ ಅದು!" ಎಂದು ಚಹಾ ಕುಡಿಯುವಾಗ ನನಗೆ ಹೇಳಿದರು. "ನನ್ನ ಸುಳ್ಳು ಕೇಳಿ ಅಂಥಾ ಬಟ್ಟೆಗೆ ಸೀಳು ಹಾಕಿಸಿಬಿಟ್ರು." ಅದೇ ವಾರ ಕಚೇರಿಗೆ ಹೊಸ ಮೇಲಧಿಕಾರಿ ಬರುತ್ತಾರೆಂದೂ, ಅವರು ದರ್ಜಿಯ ಮಗನೆಂದೂ, ಚಿಕ್ಕಂದಿನಲ್ಲಿ ತಂದೆಯ ಜೊತೆ ಹೊಲಿಗೆಯ ಯಂತ್ರ ತುಳಿದವರೆಂದೂ ಸುದ್ದಿ ಹಬ್ಬಿತು. ದೊರೆಯ ಕೈಯಲ್ಲಿದ್ದ ಲೋಟ ನಿಂತಲ್ಲೇ ನಿಂತಿತು. ಮಗುಚಿದ ಕೋಟನ್ನು ದರ್ಜಿಯ ಮಗ ಹತ್ತು ಮಾರು ದೂರದಿಂದ ಗುರುತು ಹಿಡಿಯುತ್ತಾನೆ. ಬೇರೆ ಕೋಟು ಅವರ ಬಳಿ ಇರಲಿಲ್ಲ, ಚಳಿ ನೋಡಿದರೆ ಹಲ್ಲು ಕಟಕಟಿಸುವಷ್ಟು. ರಜೆ ಹಾಕಿ ಎಂದೆ. "ನಾನು ರಜೆ ಹಾಕಿದರೆ ಆ ಒಂಬತ್ತು ಜೇಬು ರಜೆ ಹಾಕ್ತಾವಾ?" ಎಂದರು. ಅವರ ಹೆಂಡತಿಯೂ ಅದನ್ನೇ ಹೇಳಿದ್ದರಂತೆ: "ಹೋಗಿ. ಹೊಲಿದ ಕೈಗಿಲ್ಲದ ನಾಚಿಕೆ ಹಾಕ್ಕೊಂಡ ಮೈಗ್ಯಾಕೆ?"

ಅಧಿಕಾರಿಗಳು ಬಂದರು. ತೆಳ್ಳನೆಯ, ಮೆಲುಮಾತಿನ ಮನುಷ್ಯ. ಸಾಲಾಗಿ ನಿಂತ ನಮ್ಮ ಮುಂದೆ ನಡೆಯುತ್ತ ಬೆರಳಚ್ಚುಗಾರನ ಬಳಿ ನಿಂತರು. ಕಣ್ಣು ಜೇಬಿನ ಮೇಲೆ ಹೋಯಿತು. ಭುಜ ತಟ್ಟಿದರು. ಉಗ್ರಾಣದವರ ಜೇಬು ನೋಡಿದರು. ಮೊದಲನೆಯವರ ಜೇಬು, ನಾಲ್ಕನೆಯವರ ಜೇಬು. ಒಂದೊಂದು ಹೆಜ್ಜೆಗೂ ಅವರ ಮುಖ ಬಾಡುತ್ತ ಹೋಯಿತು. ಸಾಲಿನ ತುದಿಯಲ್ಲಿದ್ದ ಹೆಡ್ ಕ್ಲರ್ಕರ ಕಡುನೀಲಿ ಕೋಟನ್ನು ಕಂಡಾಗಂತೂ ತಡೆಯಲಾರದೆ, "ಏನು ಸಾರ್ ಇದು, ಇಲ್ಲಿ ಸಂಬಳ ಸರಿಯಾಗಿ ಬರ್ತಾ ಇಲ್ವಾ?" ಎಂದು ಕೇಳಿದರು. ಹೆಡ್ ಕ್ಲರ್ಕು ಬಗ್ಗಿ ತಮ್ಮ ಕೋಟನ್ನು ತಾವೇ ನೋಡಿಕೊಂಡರು. ಅಧಿಕಾರಿಗಳು ನಮ್ಮೆಲ್ಲರ ಕಡೆ ತಿರುಗಿ, ಕರುಣೆಯಿಂದ ತುಂಬಿದ ದನಿಯಲ್ಲಿ ಹೇಳಿದರು: "ಪಾಪ, ಇಷ್ಟು ಜನಾನೂ ಕೋಟು ಮಗುಚಿ ಹಾಕ್ಕೊಂಡಿದ್ದೀರಲ್ಲ."

ಅಧಿಕಾರಿಗಳ ಕಣ್ಣು ಇನ್ನೂ ದೊರೆಯ ಮೇಲೆ ಬಿದ್ದಿರಲಿಲ್ಲ. ಸಣ್ಣ ಆಳಾದ ದೊರೆ ನನ್ನ ಬೆನ್ನ ಮರೆಯಲ್ಲಿದ್ದರು. ಸುಮ್ಮನಿದ್ದರೆ ಒಂಬತ್ತು ಜನರ ನಡುವೆ ಕರಗಿಹೋಗಬಹುದಿತ್ತು. ಅವರು ನನ್ನನ್ನು ಮೆಲ್ಲನೆ ಸರಿಸಿ, ಕರವಸ್ತ್ರದ ತುದಿ ಸರಿಪಡಿಸಿಕೊಂಡು, ಎರಡು ಹೆಜ್ಜೆ ಮುಂದೆ ಬಂದರು.

"ಕ್ಷಮಿಸಬೇಕು ಸಾರ್. ಮಗುಚಿದ್ದು ನನ್ನದೊಂದೇ. ಅವರದ್ದೆಲ್ಲ ಹೊಸದು."

"ಹೊಸದಾ?"

"ಹೌದು ಸಾರ್. ನನ್ನ ನೋಡಿ ಹೊಲಿಸಿದ್ದು. ನಾನು ಸುಳ್ಳು ಹೇಳಿದ್ದೆ."

ಅಧಿಕಾರಿಗಳು ಒಂಬತ್ತು ಎದೆಗಳನ್ನು ಮತ್ತೊಮ್ಮೆ ಎಣಿಸಿದರು. ಆಮೇಲೆ ಅವರ ಭುಜ ಕುಲುಕಲು ಶುರುವಾಯಿತು. ತೆಳ್ಳನೆಯ ದೇಹದೊಳಗಿಂದ ಇಡೀ ಕೋಣೆ ತುಂಬುವ ನಗು ಬಂತು. ಕಣ್ಣೊರೆಸಿಕೊಂಡು ದೊರೆಯ ಕೋಟನ್ನು ಬಿಚ್ಚಿಸಿ, ಗುಂಡಿಗಳನ್ನು ಬೆರಳಲ್ಲಿ ಎತ್ತಿ ಕೆಳಗಿನ ರಫೂ ಹುಡುಕಿದರು. ಸಿಗಲಿಲ್ಲ. ಇನ್ನೊಮ್ಮೆ ಹುಡುಕಿದರು. "ಯಾವ ದರ್ಜಿ?" ಎಂದು ಕೇಳಿ, ಅದು ದೊರೆಯದೇ ಕೈಕೆಲಸವೆಂದು ತಿಳಿದಾಗ, "ನಮ್ಮಪ್ಪ ಇದ್ದಿದ್ದರೆ ನಿಮ್ಮನ್ನ ಅಂಗಡಿ ಬಿಟ್ಟು ಹೋಗೋಕೆ ಬಿಡ್ತಿರಲಿಲ್ಲ," ಎಂದು ತಾವೇ ಕೋಟನ್ನು ಹಿಡಿದು ದೊರೆಗೆ ತೊಡಿಸಿದರು. ಒಬ್ಬ ಮೇಲಧಿಕಾರಿ ಮೂರನೆಯ ನಕಾಶೆಗಾರನಿಗೆ ಕೋಟು ತೊಡಿಸಿದ್ದನ್ನು ಆ ಕಚೇರಿ ಅದಕ್ಕೆ ಮುಂಚೆ ಕಂಡಿರಲಿಲ್ಲ. ದೊರೆಯ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ, ನನ್ನದೂ ಆಗಿತ್ತು.

ಸಿಡಿದವರು ಹೆಡ್ ಕ್ಲರ್ಕು. "ಏನ್ರೀ, ನನ್ನ ಹೊಸ ಕೋಟನ್ನ ಹುಟ್ಟೋವಾಗ್ಲೇ ಮುದುಕ ಮಾಡಿಬಿಟ್ರಲ್ರೀ!"

ದೊರೆ ಅವರ ಭುಜದ ಮೇಲಿನ ಒಂದು ನೂಲನ್ನು ತೆಗೆದು ಹಾಕಿ, ಅತ್ಯಂತ ವಿನಯದಿಂದ ಹೇಳಿದರು: "ಬೇಜಾರು ಮಾಡ್ಕೋಬೇಡಿ ಸಾರ್. ಹತ್ತು ವರ್ಷ ಹಾಕಿ ನನ್ನ ಹತ್ತಿರ ತನ್ನಿ. ನಾನೇ ಮಗುಚಿ ಕೊಡ್ತೀನಿ. ಆಗ ಜೇಬು ಎಡಕ್ಕೆ ಬರುತ್ತೆ."

ಮೊದಲು ನಕ್ಕವರು ಹೆಡ್ ಕ್ಲರ್ಕೇ. ಆ ಒಂಬತ್ತು ಮಂದಿಯಲ್ಲಿ ಒಬ್ಬರೂ ಜೇಬನ್ನು ಬದಲಾಯಿಸಿಕೊಳ್ಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಬೆರಳಚ್ಚುಗಾರನಂತೂ ತನ್ನದು ಕೂಡ ಮಗುಚಿದ್ದೇ ಎಂದು ಹೊರಗಿನವರಿಗೆ ಹೇಳಿಕೊಂಡು ತಿರುಗಿದ.

ದೊರೆಯಂಥವರು ಯಾವ ಊರಿಗೆ ಹೋದರೂ ಒಬ್ಬಿಬ್ಬರು ಸಿಗುತ್ತಾರೆ. ಜಿಪುಣರ ಸಾಲಿಗೆ ಸೇರಿಸಲು ಹೋದರೆ ಇಸ್ತ್ರಿಯ ಗೆರೆ ಅಡ್ಡ ಬರುತ್ತದೆ, ಶೋಕಿಲಾಲರ ಸಾಲಿಗೆ ಸೇರಿಸೋಣವೆಂದರೆ ರಫೂ ಮಾಡಿದ ಮೊಣಕೈ ಒಪ್ಪುವುದಿಲ್ಲ. ಕೊರತೆಯನ್ನು ಮರೆಮಾಚಲೆಂದು ಸೂಜಿ ಹಿಡಿದು ಕುಳಿತವರು ಇವರು. ಹೊಲಿಯುತ್ತ ಹೊಲಿಯುತ್ತ ಆ ಕೆಲಸದಲ್ಲೇ ಅವರಿಗೆ ಎಂಥದೋ ಆನಂದ ಹತ್ತಿಬಿಡುತ್ತದೆ, ಅರ್ಧ ಲೋಟ ಚಹಾದಲ್ಲೂ ಬೆಚ್ಚನೆಯ ಅಂಗಿಯಲ್ಲೂ ಅದು ಹರಡಿಕೊಳ್ಳುತ್ತದೆ, ಮುಖದಲ್ಲಿ ನಡಿಗೆಯಲ್ಲಿ ಎದ್ದು ಕಾಣತೊಡಗುತ್ತದೆ. ಅದನ್ನು ಕಂಡ ಉಳ್ಳವರು ತಮ್ಮಲ್ಲಿ ಏನು ಕಡಿಮೆಯಾಗಿದೆಯೆಂದು ತಿಳಿಯದೆ, ಒಳ್ಳೆಯ ಬಟ್ಟೆ ತಂದು, ಕೈತುಂಬ ಹಣ ಕೊಟ್ಟು, ಇವರ ಬಡತನದ ಗುರುತನ್ನೇ ತಮ್ಮ ಎದೆಯ ಮೇಲೆ ಹೊಲಿಸಿಕೊಳ್ಳುತ್ತಾರೆ.